ಬಿಡಿಸಿಕೊಂಡ ಎರಡು ಸಾವಿರದ ಇನ್ನೂರು

ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, "ನಿಮ್ಮ ಕ್ರೆಡಿಟ್ ಸ್ಕೋರು ಆರುನೂರ ಹನ್ನೆರಡು ಇದೆ ಮೇಡಂ" ಎಂದಾಗ ನನಗೆ ಖುಷಿಯೇ ಆಯಿತು. ನಗಬೇಡಿ. ನನ್ನ ಮಗಳು ಹತ್ತನೇ ತರಗತಿಯಲ್ಲಿ ಆರುನೂರ ಇಪ್ಪತ್ತೈದಕ್ಕೆ ನಾನೂರ ಎಂಬತ್ತು ತೆಗೆದಾಗಲೇ ಓಣಿಗೆಲ್ಲ ಪೇಡೆ ಹಂಚಿದವಳು ನಾನು. ಆರುನೂರ ಹನ್ನೆರಡು ಅಂದರೆ ಪೇಪರಿನಲ್ಲಿ ಫೋಟೋ ಬರುವ ಅಂಕ.

"ಚಲೋ ಆತಲ್ರಿ ಸಾಹೇಬ್ರ" ಎಂದೆ.

ಅವರು ಮೈಸೂರು ಕಡೆಯಿಂದ ಮಸ್ಕಿಗೆ ವರ್ಗವಾಗಿ ಬಂದವರು, ಮೆತ್ತಗಿನ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಒಂಬೈನೂರಕ್ಕೆ ಮೇಡಂ. ಮನೆ ಸಾಲ ಕೊಡೋಕೆ ನಮ್ಮಲ್ಲಿ ಏಳುನೂರೈವತ್ತಾದರೂ ಇರಬೇಕು. ನೀವು ಹಿಂದೆ ಒಂದು ಸಾಲ ಪೂರ್ತಿ ಕಟ್ಟಿಲ್ಲ, ನೋಡಿ."

ನನ್ನ ಮೈಯೆಲ್ಲ ಉರಿದುಹೋಯಿತು. "ಯಾರ್ರೀ ಹಂಗ ಬರದಾರ? ಇಪ್ಪತ್ತು ವರ್ಷ ಆತು ಈ ಊರಾಗ ಜಂಪರ ಹೊಲಿಯಾಕತ್ತು. ಉಳಿದ ತುಂಡು ಬಟ್ಟಿ ಸುದ್ದ ಗಂಟು ಕಟ್ಟಿ ವಾಪಸ್ ಕೊಡಾಕಿ ನಾ. ಯಾರದೂ ಒಂದು ಪೈಸಾ ಇಟ್ಕೊಂಡಿಲ್ಲ" ಎಂದು ಅಲ್ಲೇ ದನಿ ಎತ್ತಿದೆ. ಪಾಸ್‌ಬುಕ್ಕಿಗೆ ನಿಂತವರೆಲ್ಲ ತಿರುಗಿ ನೋಡಿದರು. ಮ್ಯಾನೇಜರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಐದು ವರ್ಷದ ಹಿಂದೆ ಸಿಂಧನೂರಿನ ಒಂದು ಫೈನಾನ್ಸ್ ಆಫೀಸಿನಿಂದ ಹೊಲಿಗೆ ಮಶೀನಿಗೆಂದು ತೆಗೆದ ಸಾಲ. ಬಾಕಿ ಪೂರ್ತಿ ಕಟ್ಟದೆ, ಒಂದಷ್ಟು ಬಿಡಿಸಿಕೊಂಡು ಮುಗಿಸಿದ್ದು ಎಂದು ಅದರ ಮುಂದೆ ಬರೆದಿತ್ತು. ಬಿಡಿಸಿಕೊಂಡ ಮೊತ್ತ ಎರಡು ಸಾವಿರದ ಇನ್ನೂರು.

ಅದು ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ಖರೇನೇ ಬಿಡಿಸಿಕೊಂಡಿದ್ದೆ. ಬಿಡಿಸಿಕೊಂಡೆ ಎಂದು ಹೆಮ್ಮೆಯಿಂದ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೆ ಬೇರೆ.

ಸಾಲ ಬೇಕಾಗಿದ್ದ ಮನೆಯ ವಿಷಯ ಮೊದಲು ಹೇಳಬೇಕು. ಅಂಥಾ ದೊಡ್ಡ ಮನೆಯೇನಲ್ಲ. ಮಸ್ಕಿಯ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಓಣಿಯಲ್ಲಿ ಎರಡು ಕೋಣೆ, ಮುಂದೆ ನಾನು ಮಶೀನು ಇಟ್ಟುಕೊಂಡಿದ್ದ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ಬಚ್ಚಲು, ಒಂದು ಬೇವಿನ ಗಿಡ. ಹದಿನೆಂಟು ವರ್ಷ ಅಲ್ಲಿ ಬಾಡಿಗೆಗಿದ್ದೆವು. ಏಳು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ನಮ್ಮತ್ತೆಯ ಕಣ್ಣು ಹೋದದ್ದು ಅದೇ ಮನೆಯಲ್ಲಿ. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕಿ ಒಂದು ದಿನ ಎದ್ದು ಹೆಜ್ಜೆ ಎಣಿಸಲು ಶುರುಮಾಡಿದಳು. ಮಂಚದಿಂದ ಒಲೆಗೆ ಏಳು. ಒಲೆಯಿಂದ ಹಿತ್ತಲ ಬಾಗಿಲಿಗೆ ಹನ್ನೊಂದು. ಅಲ್ಲಿಂದ ಬಚ್ಚಲಿಗೆ ಹದಿನಾಲ್ಕು.

ನಮ್ಮ ಮನೆಯವರು ಗೌಂಡಿ ಕೆಲಸದವರು, ಊರವರ ಮನೆ ಕಟ್ಟುವವರು. ತಾಯಿ ಎಡವಬಾರದೆಂದು ಒಳಗಿನ ಹೊಸ್ತಿಲು ಒಡೆದು ಸಪಾಟು ಮಾಡಿದರು. ಬಚ್ಚಲ ಬಾಯಿಗೆ ಒರಟು ಫರಸಿ ಕಲ್ಲು ಕೂರಿಸಿದರು, ಪಾದಕ್ಕೆ ಒರಟು ತಾಗಿದರೆ ಬಚ್ಚಲು ಬಂತೆಂದು ಗೊತ್ತಾಗಲಿ ಎಂದು. ಬಾಡಿಗೆ ಮನೆಗೆ ಯಾಕೆ ಇಷ್ಟು ಖರ್ಚು ಎಂದು ನಾನೇ ಗೊಣಗಿದ್ದೆ. ಆಮೇಲೆ ನೋಡಿದರೆ ಆಕೆ ತಾನೇ ಸ್ನಾನ ಮಾಡುತ್ತಿದ್ದಳು, ತಾನೇ ಬೇವಿನ ಗಿಡದ ಕೆಳಗೆ ಹೋಗಿ ಕೂರುತ್ತಿದ್ದಳು, ಬಳಗಾನೂರಿನಿಂದ ಜಂಪರ ಹೊಲಿಸಲು ಬಂದ ಹೆಂಗಸರಿಗೆ ಚಹಾ ಮಾಡಿ ಬಸಿಯಲ್ಲಿ ಒಂದು ಹನಿ ಚೆಲ್ಲದೆ ತಂದುಕೊಡುತ್ತಿದ್ದಳು. ಎಷ್ಟೋ ಜನಕ್ಕೆ ಆಕೆಗೆ ಕಣ್ಣಿಲ್ಲ ಎನ್ನುವುದೇ ಗೊತ್ತಿರಲಿಲ್ಲ.

ಮನೆಯ ಒಡತಿ ವಯಸ್ಸಾದ ಮುಸ್ಲಿಂ ಹೆಂಗಸು. ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿರುತ್ತಿದ್ದರು. ನಾವು ಅವರನ್ನು ಖಾಲಾ ಎನ್ನುತ್ತಿದ್ದೆವು. ಆ ವರ್ಷ ದಸರಾ ಮುಗಿದ ವಾರ ಬಂದು, ಪಡಸಾಲೆಯಲ್ಲಿ ಕೂತು, ಅತ್ತೆ ಕೊಟ್ಟ ಚಹಾ ಕುಡಿದು ಬಸಿ ಕೆಳಗಿಟ್ಟರು.

"ಬೇಟಿ, ಮೊಮ್ಮಗಳ ಶಾದಿ ಗಟ್ಟಿ ಆಗೈತಿ. ಮನಿ ಮಾರಬೇಕಂತ ಮಾಡೀನಿ. ಮೊದಲ ನಿನಗ ಕೇಳಾಕತ್ತೀನಿ ನೋಡು. ನಿಮ್ಮ ಯುಗಾದಿ ತನಕ ಬ್ಯಾರೆ ಯಾರಿಗೂ ಜಬಾನ್ ಕೊಡಂಗಿಲ್ಲ."

ಅವರು ಹೋದ ಮೇಲೆ ಅತ್ತೆ ಒಲೆಯ ಹತ್ತಿರ ನಿಂತೇ ಇದ್ದಳು. "ಹೆಂಗರ ಮಾಡಿ ತಗೋರಿ ಯವ್ವಾ. ಈ ಮನ್ಯಾಗ ನಾ ಕುರುಡಿ ಅಲ್ಲ. ಹೊರಗ ಹೋದ್ರ ಕುರುಡಿ ಆಕ್ಕೀನಿ" ಎಂದಳು. ಏಳು ವರ್ಷದಲ್ಲಿ ಆಕೆ ತನ್ನ ಕಣ್ಣಿನ ಮಾತು ಎತ್ತಿದ್ದು ಅದೊಂದೇ ಸಲ. ಅರ್ಧ ದುಡ್ಡು ನಮ್ಮ ಬಳಿ ಇತ್ತು. ಉಳಿದರ್ಧಕ್ಕೆ ಬ್ಯಾಂಕು. ಕೈಸಾಲ ತರೋಣವೆಂದರೆ ಅದರ ತಿಂಗಳ ಬಡ್ಡಿಗೆ ನನ್ನ ಮಶೀನು ಹಗಲೆಲ್ಲ ಓಡಿದರೂ ಸಾಲುತ್ತಿರಲಿಲ್ಲ. ಹಾಗಾಗಿ ಆ ಆರುನೂರ ಹನ್ನೆರಡೇ ನಮ್ಮ ಹಣೆಬರಹವಾಗಿ ಕೂತಿತು.

ಇನ್ನು ಆ ಎರಡು ಸಾವಿರದ ಇನ್ನೂರರ ಕಥೆ. ನಮ್ಮಪ್ಪ ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಉದ್ರಿ ವ್ಯಾಪಾರ ಮಾಡಿದವನು. ಗಿರಾಕಿಗಳು ಲೆಕ್ಕ ಮುಗಿಸಲು ಬಂದಾಗ ಕೊನೆಗೆ ಹತ್ತೋ ಇಪ್ಪತ್ತೋ ಬಿಡಲೇಬೇಕು, ಅವರು ಬಿಡಿಸಿಕೊಳ್ಳಲೇಬೇಕು. ಒಬ್ಬಾತ ಒಂದು ಸಲ ಪೂರ್ತಿ ಎಣಿಸಿಕೊಟ್ಟು ಹೊರಟಾಗ ನಮ್ಮಪ್ಪನ ಮುಖ ಸಣ್ಣದಾಯಿತು. "ಪೂರಾ ಎಣಿಸಿ ಕೊಟ್ಟು ಹೋದ ಅಂದ್ರ ಸಿಟ್ಟಾಗ್ಯಾನ ಅಂತ ತಿಳಕೋ. ಇನ್ನ ಇವ ನಮ್ಮ ಕಡೆ ಬರಂಗಿಲ್ಲ" ಎಂದಿದ್ದ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕಿರಾಣಿ ಅಂಗಡಿಯಲ್ಲಿ, ಬಂಗಾರದ ಅಂಗಡಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಎಲ್ಲ ಕಡೆ ಕೊನೆಯ ದಿನ "ಎಷ್ಟು ಬಿಡ್ತೀರಿ?" ಎಂದು ಕೇಳುವುದು ಮರ್ಯಾದೆ. ಸಂಬಂಧ ಮುಗಿದಿಲ್ಲ ಎಂದು ಹೇಳುವ ರೀತಿ ಅದು.

ಮಶೀನಿನ ಸಾಲದ ಕೊನೆಯ ಎರಡು ಕಂತು ಮಗಳ ಟೈಫಾಯ್ಡಿನಲ್ಲಿ ಹಿಂದೆ ಬಿದ್ದಿದ್ದವು. ವಸೂಲಿಗೆ ಬರುತ್ತಿದ್ದ ಮನುಷ್ಯ ಒಳ್ಳೆಯವನೇ, ತಿಂಗಳ ಕೊನೆಗೆ ಬಂದು ಕೂತ. ನಾನು ಮಿರ್ಚಿ ಬಜ್ಜಿ ತರಿಸಿ ಕೊಟ್ಟೆ. ಪೂರ್ತಿ ದುಡ್ಡು ಮಶೀನಿನ ಡ್ರಾದಲ್ಲಿ ಎಣಿಸಿ ರಬ್ಬರ್ ಬ್ಯಾಂಡು ಹಾಕಿ ಇಟ್ಟಿದ್ದೆ, ದೇವರಾಣೆ. ಆದರೂ ಕೇಳಿದೆ. "ಕಡೀ ಲೆಕ್ಕ ಐತ್ರಿ ಅಣ್ಣಾರ, ಏನರ ಬಿಡ್ರಿ." ಅವನು ಯಾರಿಗೋ ಫೋನು ಮಾಡಿದ. ಎಂಟುನೂರು ಎಂದ, ನಾನು ನಕ್ಕೆ. ಸಾವಿರದ ಐನೂರು ಎಂದ. ಬಜ್ಜಿಯ ತಟ್ಟೆಯನ್ನು ಹಿಂದೆ ಎಳೆದುಕೊಂಡೆ. ಕೊನೆಗೆ ಎರಡು ಸಾವಿರದ ಇನ್ನೂರಕ್ಕೆ ಬಂದು ನಿಂತ, ಕಾಗದ ಬರೆದುಕೊಟ್ಟ, ಇಬ್ಬರೂ ನಕ್ಕೊಂತ ಎದ್ದೆವು. ಆ ದುಡ್ಡಿನಲ್ಲಿ ಅತ್ತೆಗೆ ಒಂದು ಇಲಕಲ್ ಸೀರೆ ತಂದೆ. ಅತ್ತೆ ಸೆರಗು ಮುಟ್ಟಿ ಮುಟ್ಟಿ ನೋಡಿ, "ಭಾಳ ಶಾಣ್ಯಾಕಿ ಬಿಡು ನಮ್ಮ ಸೊಸಿ" ಎಂದಿದ್ದಳು. ಶಾಣ್ಯಾಕಿಯ ಮುಖಕ್ಕೆ ಐದು ವರ್ಷದ ಮೇಲೆ ಅದೇ ಎರಡು ಸಾವಿರದ ಇನ್ನೂರು ಬಂದು ಹೊಡೆಯಿತು.

ಮ್ಯಾನೇಜರು ದಾರಿ ಹೇಳಿದರು. ಆ ಬಾಕಿ ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ತರಬೇಕು, ಸ್ಕೋರಿನ ದಾಖಲೆಯಲ್ಲಿ ಅದನ್ನು ತಿದ್ದಿಸಬೇಕು. ಜೊತೆಗೆ ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇಟ್ಟು ಅದರ ಮೇಲೆ ಒಂದು ಕ್ರೆಡಿಟ್ ಕಾರ್ಡು ತೆಗೆದುಕೊಂಡು, ಸ್ವಲ್ಪ ಖರ್ಚು ಮಾಡಿ, ತಿಂಗಳು ತಿಂಗಳು ತಾರೀಕು ತಪ್ಪದೆ ಪೂರ್ತಿ ಕಟ್ಟಬೇಕು. "ನನ್ನ ರೊಕ್ಕ ನಿಮ್ಮ ಹತ್ರ ಇಟ್ಟು, ಅದರ ಮ್ಯಾಲ ನಾನ ಸಾಲ ತಗೊಂಡು, ಮತ್ತ ನಾನ ತೀರಿಸಬೇಕಾ? ಯಾಕ್ರೀ?" ಎಂದೆ. "ಸಾಲ ತೀರಿಸ್ತೀರಿ ಅಂತ ತೋರಿಸೋಕೆ ಮೇಡಂ" ಎಂದರು. ತಲೆ ಕೆಟ್ಟುಹೋಯಿತು. ಆ ಮಶೀನಿನದೊಂದು ಬಿಟ್ಟರೆ ಸಾಲವೇ ಬೇಡವೆಂದು ಬದುಕಿದವಳು ಸಾಲಕ್ಕೆ ಯೋಗ್ಯಳಾಗಲು ಸಾಲ ಮಾಡಬೇಕು. ಸಹಿ ಹಾಕಿದೆ. ಹಾಕದೆ ಇನ್ನೇನು ಮಾಡಲಿ?

ಸಿಂಧನೂರಿಗೆ ಹೋದೆ. ಆ ಫೈನಾನ್ಸ್ ಆಫೀಸು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಂಗಡಿಯವನು, "ಅವ್ರು ಲಿಂಗಸುಗೂರಿಗೆ ಹೋಗ್ಯಾರ್ರಿ" ಎಂದ. ಹಿಂದಕ್ಕೆ ಮಸ್ಕಿ, ಅಲ್ಲಿಂದ ಮತ್ತೊಂದು ಬಸ್ಸು ಲಿಂಗಸುಗೂರಿಗೆ. ಒಂದು ದಿನದ ದುಡಿಮೆ ಬಸ್ಸಿನಲ್ಲೇ ಹೋಯಿತು. ಅಲ್ಲಿ ಮಹಡಿಯ ಮೇಲೆ ಗಾಜಿನ ಬಾಗಿಲಿನ ಹಿಂದೆ ಇನ್ನೂ ಮೀಸೆ ಸರಿಯಾಗಿ ಬಾರದ ಅಧಿಕಾರಿ ಕೂತಿದ್ದ.

"ನೀವು ಪೂರಾ ಕಟ್ಟಿಲ್ರಿ ಅಮ್ಮಾರ" ಎಂದ.

"ನೀವಾ ಬಿಟ್ಟೀರಲ್ಲಪ. ನಾ ಕದ್ದೀನೇನು?"

"ಬಿಟ್ಟೀವ್ರಿ, ಇಲ್ಲ ಅನ್ನಂಗಿಲ್ಲ. ನಾವು ಬಿಟ್ಟೀವಿ ಅಂದ್ರ ನೀವು ಕಟ್ಟಿಲ್ಲ ಅಂತನ ಆತಲ್ರಿ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇವನ ಕೈಯಲ್ಲಿ ನನ್ನ ಮನೆಯಿದೆ ಎಂಬ ನೆನಪು ನನ್ನ ನಾಲಿಗೆ ಹಿಡಿದಿತ್ತು. ಜೀವನದಲ್ಲಿ ಯಾರ ಮುಂದೆಯೂ ಹಾಗೆ ಬಾಯಿ ಮುಚ್ಚಿ ನಿಂತವಳಲ್ಲ ನಾನು, ಅದಕ್ಕೇ ಇವತ್ತಿಗೂ ಆ ನಿಮಿಷ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಎರಡು ಸಾವಿರದ ಇನ್ನೂರು, ಮೇಲೆ ಏನೇನೋ ಸೇರಿಸಿ ಕೇಳಿದ್ದನ್ನು ಎಣಿಸಿಕೊಟ್ಟೆ. ರಸೀದಿ ಕೊಟ್ಟ. ಪತ್ರ ಹೆಡ್ ಆಫೀಸಿನಿಂದ ಬರಬೇಕು, ಹದಿನೈದು ದಿನ ಬಿಟ್ಟು ಬರ್ರಿ ಎಂದ. ಹದಿನೈದು ದಿನಕ್ಕೆ ಹೋದೆ, ಬಂದಿರಲಿಲ್ಲ. ಮತ್ತೆ ಹತ್ತು ದಿನಕ್ಕೆ ಹೋದೆ, ಸಾಹೇಬರು ರಜೆ. ಮೂರನೇ ಸಲ ಪತ್ರ ಸಿಕ್ಕಿತು. ದಾಖಲೆಯಲ್ಲಿ ಅದು ತಿದ್ದಿ ಬರಲು ಇನ್ನೂ ಒಂದೂವರೆ ತಿಂಗಳಂತೆ.

ಈ ನಡುವೆ ನಮ್ಮ ಮನೆಯವರು ಸಹಾಯ ಮಾಡಲು ಹೋದರು. ಅವರ ದಿನಗೂಲಿಗೆ ಕಾಗದಪತ್ರ ಇಲ್ಲವೆಂದು ಮನೆ ಸಾಲ ನನ್ನ ಹೆಸರಿಗೇ ಕೇಳಿದ್ದೆವು. ಜೊತೆಗೆ ಕೆಲಸ ಮಾಡುವವನೊಬ್ಬ, ಫೋನಿನಲ್ಲೇ ಐದು ನಿಮಿಷಕ್ಕೆ ಸಾಲ ಕೊಡುತ್ತಾರೆ ಎಂದನಂತೆ. ನನ್ನ ಫೋನಿನಿಂದ, ನನ್ನ ಹೆಸರಿನಲ್ಲಿ, ನಾಲ್ಕು ಕಡೆ ಅರ್ಜಿ ಹಾಕಿದರು. ನಾಲ್ಕೂ ಕಡೆ ಇಲ್ಲ ಎಂದರು. ಮುಂದಿನ ಸಲ ನೋಡಿದರೆ ಸ್ಕೋರು ಐನೂರ ತೊಂಬತ್ತೆಂಟಕ್ಕೆ ಇಳಿದಿತ್ತು. ಹೀಗೆ ಸಿಕ್ಕಸಿಕ್ಕಲ್ಲಿ ಕೇಳಿದರೂ ಇಳಿಯುತ್ತದೆ ಎಂದು ಮ್ಯಾನೇಜರು ಹೇಳಿದರು.

"ಯಾರ್ನ ಕೇಳಿ ಒತ್ತಿದ್ರಿ? ನನ್ನ ಕೇಳಾಕ ಬಾಯಿ ಇರಲಿಲ್ಲೇನು?" ಎಂದು ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಎಸೆದೆ.

ಅವರು ಸಿಮೆಂಟು ಹತ್ತಿದ ಕೈಯನ್ನೇ ನೋಡುತ್ತ ಕೂತರು. "ಊರ ಮಂದಿಗೆಲ್ಲ ಮನಿ ಕಟ್ಟೀನಿ. ನಮ್ಮವ್ವಗ ಒಂದು ಮನಿ ಉಳಿಸಾಕ ಆಗವಲ್ದಲ್ಲ ಅಂತ ಒತ್ತಿದೆ ಬೇ" ಎಂದರು. ಆಮೇಲೆ ನನಗೇ ನಾಚಿಕೆಯಾಗಿ ಕತ್ತರಿ ಎತ್ತಿಕೊಂಡೆ.

ಅತ್ತೆಗೆ ಮಾತ್ರ ಇದೆಲ್ಲ ಕ್ರಿಕೆಟ್ ಆಟದ ಹಾಗೆ. ಬೆಳಿಗ್ಗೆ ಎದ್ದವಳೇ, "ಇವತ್ತು ಎಷ್ಟಾತವ್ವ?" ಎಂದು ಕೇಳುವಳು. ದಿನಾ ಬದಲಾಗುವುದಿಲ್ಲ ಎಂದರೂ ಬಿಡಳು. ಚಹಾ ಕುಡಿಯಲು ಕೂತ ಹೆಂಗಸರಿಗೆ, "ನಮ್ಮ ಸೊಸಿದು ಆರುನೂರ ನಲವತ್ತಾಗೈತಿ" ಎಂದು ಹೇಳುವಳು. ಅವರಿಗೆ ಏನು ತಿಳಿಯಬೇಕು? ನಾನು ತಲೆ ತಗ್ಗಿಸಿ ಮಶೀನು ತುಳಿಯುತ್ತಿದ್ದೆ.

ಆ ಆರು ತಿಂಗಳು ನಾನು ಉಸಿರಾಡಿದ್ದು ಐದನೇ ತಾರೀಕಿಗೆ. ಕಾರ್ಡಿನಲ್ಲಿ ದಾರ, ಗುಂಡಿ, ಅಸ್ತರಿನ ಬಟ್ಟೆ ತರುವುದು, ಐದನೇ ತಾರೀಕಿಗೆ ಮುಂಚೆ ಕಟ್ಟುವುದು. ನಮ್ಮ ಕಡೆ ಭತ್ತ ಮಾರಿದಾಗ ಹೊಲಿಗೆಯ ದುಡ್ಡು ಒಟ್ಟಿಗೆ ಬರುತ್ತದೆ, ಉಳಿದ ತಿಂಗಳಲ್ಲಿ "ಆಮ್ಯಾಲ ಕೊಡ್ತೀನಿ ಅಕ್ಕಾ." ಯಾವತ್ತೂ ಯಾರನ್ನೂ ಪೀಡಿಸದಿದ್ದವಳು, ಪಾಮನಕಲ್ಲೂರಿನಿಂದ ಬಂದು ಮದುವೆಯ ಬಟ್ಟೆ ಹೊಲಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳಿದೆ. ಕೊಟ್ಟಳು, ಪೂರ್ತಿ ಕೊಟ್ಟಳು, ಎಣಿಸಿ. ಆಮೇಲೆ ಒಂದು ಜಂಪರವನ್ನೂ ನನ್ನ ಬಳಿ ತರಲಿಲ್ಲ. ನಮ್ಮಪ್ಪ ಹೇಳಿದ್ದು ಖರೇ ಆಯಿತು.

ಎತ್ತ ತಿರುಗಿದರೂ ಗೋಡೆ. ದುಡಿದರೆ ಸ್ಕೋರು ಏರುವುದಿಲ್ಲ, ಉಳಿಸಿದರೆ ಏರುವುದಿಲ್ಲ, ಅತ್ತು ಕರೆದರೂ ಏರುವುದಿಲ್ಲ. ದಿನ ಕಳೆದರೆ ಮಾತ್ರ ಏರುತ್ತದೆ. ನನ್ನ ಹತ್ತಿರ ಇಲ್ಲದ್ದು ಅದೇ ಆಗಿತ್ತು.

ಯುಗಾದಿಗೆ ಏಳುನೂರ ಎರಡು. ಮ್ಯಾನೇಜರ ಕಾಲಿಗೆ ಬೀಳುವುದೊಂದು ಬಾಕಿ. "ನನ್ನ ಕೈಲಿಲ್ಲ ಮೇಡಂ, ಈ ಕಂಪ್ಯೂಟರು ಅರ್ಜಿಯನ್ನೇ ಮುಂದಕ್ಕೆ ಬಿಡೋಲ್ಲ. ಇನ್ನು ಎರಡು ತಿಂಗಳು" ಎಂದರು. ಅವರ ಮುಖದಲ್ಲೂ ನೋವಿತ್ತು, ಸುಳ್ಳು ಹೇಳಬಾರದು.

ಖಾಲಾ ಕೊಟ್ಟ ಮಾತಿಗಿಂತ ಹದಿನೈದು ದಿನ ಹೆಚ್ಚೇ ಕಾದರು. ಅವರ ಅಳಿಯ ಅಷ್ಟರಲ್ಲಿ ಸಿಂಧನೂರಿನ ಒಬ್ಬ ವ್ಯಾಪಾರಿಯನ್ನು ಹಿಡಿದಿದ್ದ. ಪೂರಾ ನಗದು, ಹಳೆಯ ಮನೆ ಕೆಡವಿ ಗೋದಾಮು ಕಟ್ಟುವವನು. ಮದುವೆಯ ದಿನ ಹತ್ತಿರ ಬಂದಿತ್ತು. ಖಾಲಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಮಾಫ್ ಮಾಡು ಬೇಟಿ, ನನ್ನ ಕೈಯಾಗ ಇನ್ನ ಏನೂ ಇಲ್ಲ" ಎಂದರು. ನಾನು ಅವರನ್ನು ಬೈಯಲಿಲ್ಲ. ಬೈಯಲು ಯಾರಾದರೂ ಒಬ್ಬರು ಸಿಕ್ಕಿದ್ದರೆ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು.

ಮನೆ ಖಾಲಿ ಮಾಡುವ ದಿನ ಖಾಲಾ ಅಳಿಯನನ್ನು ಕರೆದುಕೊಂಡು ಬಂದು ಡಿಪಾಜಿಟ್ಟಿನ ದುಡ್ಡು ತಂದಿದ್ದರು. ಅದರಲ್ಲಿ ಕೊನೆಯ ತಿಂಗಳ ಬಾಡಿಗೆ ಹಿಡಿದುಕೊಂಡಿರಲಿಲ್ಲ.

"ಈ ತಿಂಗಳದು ಬಿಟ್ಟೀನಿ" ಎಂದರು.

"ಬ್ಯಾಡ್ರಿ ಖಾಲಾ. ಪೂರಾ ತಗೋರಿ."

"ಅರೆ, ಹದಿನೆಂಟು ವರ್ಷ ಇದ್ದೀರಿ. ಒಂದು ತಿಂಗಳ ಬಿಡಬಾರದಾ ನಾ?"

"ಬ್ಯಾಡಂದ್ರ ಬ್ಯಾಡ್ರಿ. ತಗೋರಿ, ತಗೊಂಡು ಪೂರ್ತಿ ಮುಟ್ಟೈತಿ ಅಂತ ಒಂದು ಚೀಟಿ ಬರದು ಕೊಡ್ರಿ."

ದನಿ ನನಗೇ ಗುರುತು ಸಿಗಲಿಲ್ಲ. ಆ ಲಿಂಗಸುಗೂರಿನ ಗಾಜಿನ ಬಾಗಿಲಿನ ಹಿಂದಿನಿಂದ ಬಂದ ಹಾಗಿತ್ತು. ಎಣಿಸಿ ಅವರ ಉಡಿಯಲ್ಲಿಟ್ಟೆ. ಖಾಲಾರ ಮುಖ ಸಣ್ಣದಾಯಿತು. ಅಳಿಯನ ಕೈಯಿಂದ ಚೀಟಿ ಬರೆಸಿ, ಹೆಬ್ಬೆಟ್ಟು ಒತ್ತಿ ಕೊಟ್ಟರು, ಮತ್ತೆ ನನ್ನ ಮುಖ ನೋಡಲಿಲ್ಲ. ಮೊಮ್ಮಗಳ ಮದುವೆಗೆ ನಮಗೆ ಕರೆ ಬರಲಿಲ್ಲ. ನಾನು ಸಿಟ್ಟಾಗಿರಲಿಲ್ಲ ಖಾಲಾ, ಹೆದರಿದ್ದೆ, ಅಷ್ಟೇ. ಇದನ್ನು ಅವರಿಗೆ ಹೇಳುವುದು ಆಗಲೇ ಇಲ್ಲ.

ಅತ್ತೆ ಆ ದಿನ ಇಲಕಲ್ ಸೀರೆ ಉಟ್ಟಿದ್ದಳು. ಹೊರಡುವ ಮೊದಲು ಮಂಚ ತೆಗೆದ ಜಾಗದಿಂದ ಶುರುಮಾಡಿ, ಏಳು, ಹನ್ನೊಂದು, ಹದಿನಾಲ್ಕು ಎಂದು ಒಬ್ಬಳೇ ಬಚ್ಚಲ ತನಕ ಹೋಗಿ ಬಂದಳು. ನಮ್ಮ ಮನೆಯವರು ಆ ಫರಸಿ ಕಲ್ಲು ಕೀಳಲು ಹಾರೆ ತಂದಿದ್ದರು. ಅದನ್ನು ಕೀಳದೆ ಹಾರೆಯನ್ನು ಗಾಡಿಗೆ ವಾಪಸು ಹಾಕಿದರು.

ಈಗಿರುವುದು ಪಾಮನಕಲ್ಲೂರು ರಸ್ತೆಯಲ್ಲಿ ಮಹಡಿಯ ಮೇಲಿನ ಮನೆ. ಎರಡು ಕಡೆ ಮೆಟ್ಟಿಲು, ಬಚ್ಚಲು ಹೊರಗೆ ಮೂಲೆ ತಿರುಗಿ, ಪಕ್ಕದ ಮನೆಯವರಿಗೂ ಅದೇ ದಾರಿ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದೆಂದು ಮಾಲೀಕರು ಮೊದಲೇ ಹೇಳಿದ್ದಾರೆ. ಬಂದ ವಾರವೇ ಅತ್ತೆ ಎರಡು ಸಲ ಬಿದ್ದಳು. ಆಮೇಲೆ ಹೆಜ್ಜೆ ಎಣಿಸುವುದನ್ನು ಬಿಟ್ಟಳು. ಮಂಚದ ಮೇಲೆ ಗೋಡೆಗೆ ಆತು ಕೂತಿರುತ್ತಾಳೆ. ಚಹಾ ನಾನು ಮಾಡುತ್ತೇನೆ.

ಎರಡು ತಿಂಗಳಿಗೆ ಸರಿಯಾಗಿ ಮ್ಯಾನೇಜರ ಫೋನು ಬಂತು. ದನಿಯಲ್ಲಿ ಸಂತೋಷ. "ಏಳುನೂರ ಅರವತ್ನಾಲ್ಕು ಮೇಡಂ. ಇನ್ನೇನು ತೊಂದರೆ ಇಲ್ಲ. ಬನ್ನಿ, ಮನೆ ಸಾಲ ಮಾಡಿಕೊಡ್ತೀನಿ." ಮನೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಯ್ತು ಸಾಹೇಬ್ರ ಎಂದು ಫೋನಿಟ್ಟೆ.

ಅತ್ತೆಗೆ ಕೇಳಿಸಿತ್ತು. ಎಷ್ಟೋ ದಿನದ ಮೇಲೆ ಮುಖ ನನ್ನ ಕಡೆ ತಿರುಗಿಸಿದಳು.

"ಎಷ್ಟಾತವ್ವ?"

"ಏಳುನೂರ ಅರವತ್ನಾಲ್ಕು ಅತ್ತಿ."

"ಪಾಸಾದಿ ಅಲ್ಲ?"

"ಹ್ಞೂಂ ಅತ್ತಿ. ಪಾಸಾದೆ."

"ಚಲೋ ಆತು ಬಿಡು" ಎಂದು ಆಕೆ ಗಾಳಿಯಲ್ಲಿ ಕೈ ಚಾಚಿದಳು. "ಬಾ ಹಂಗಾರ, ಹೊತ್ತಾತು, ನನ್ನ ಬಚ್ಚಲಕ್ಕ ಕರಕೊಂಡು ಹೋಗು."